ಆ್ಯಪ್ ಓಡುತ್ತಿರುವಾಗ ಅನಿಮೇಶನ್ ಸೇರಿಸುವುದು: ತೊಗರಿ ದರದ ಪುಟ

ಹಿಂದೆ ಕೇಳಿಸುತ್ತಿರುವುದು ಕೂಲರ್ ಸದ್ದು. ಸಹಿಸಿಕೊಳ್ಳಿ, ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಯಾರೂ ಕೂಲರ್ ಆಫ್ ಮಾಡುವುದಿಲ್ಲ.

ಸ್ಕ್ರೀನ್ ಮೇಲಿರುವುದು ಇಲ್ಲಿನ ಒಂದು ದಾಲ್ ಮಿಲ್‌ನ ದರಪಟ್ಟಿ, ವೆಬ್ ಆ್ಯಪ್ ಕಟ್ಟುವ ಹಳೆಯ ಫ್ರೇಮ್‌ವರ್ಕ್ ಆಂಗ್ಯುಲರ್‌ಜೆಎಸ್‌ನಲ್ಲಿದೆ. ತೊಗರಿ ದರ ಏರಿದರೆ ಆ ಸಾಲು ಹಸಿರಾಗಿ ಮಿನುಗಬೇಕು, ಮಿಲ್ ಸಾಹುಕಾರರು ಕೇಳಿದ್ದು ಅಷ್ಟೇ. ಆದರೆ ಈ ಪುಟದ ಕೋಡ್ ಆ್ಯಪ್ ಶುರುವಾದ ಮೇಲೆ, ಬೇಕಾದಾಗ ಮಾತ್ರ ಲೋಡ್ ಆಗುತ್ತದೆ. ತಲೆನೋವು ಅಲ್ಲೇ.

ಎಲ್ಲರೂ ಮೊದಲು ಬರೆಯುವುದು ಮಾಡ್ಯೂಲ್ ಡಾಟ್ ಅನಿಮೇಶನ್, ಅಂದರೆ ಆ್ಯಪ್‌ನ ಒಂದು ಭಾಗಕ್ಕೆ (ಮಾಡ್ಯೂಲ್‌ಗೆ) ಹೊಸ ಅನಿಮೇಶನ್ ಹೇಳುವ ಸಾಲು. ಬೇಕಂತಲೇ ಹಾಗೆ ಬರೆದು ತೋರಿಸುತ್ತಿದ್ದೇನೆ. ಮಿನುಗಲಿಲ್ಲ, ಅಲ್ವಾ? ಈಗ ಬ್ರೌಸರ್ ಎರರ್ ತೋರಿಸುವ ಕನ್ಸೋಲ್ ನೋಡಿ. ಖಾಲಿ! ಒಂದು ಕೆಂಪು ಸಾಲೂ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ಮಾಡ್ಯೂಲ್‌ಗೆ ಹೇಳಿದ್ದೆಲ್ಲ ಒಂದು ಸರದಿಗೆ ಸೇರುತ್ತದೆ, ಆ ಸರದಿಯನ್ನು ಫ್ರೇಮ್‌ವರ್ಕ್ ಓದುವುದು ಆ್ಯಪ್ ಶುರುವಾಗುವಾಗ, ಆಮೇಲೆ ಹಾಕಿದ್ದು ಕೌಂಟರ್ ಮುಚ್ಚಿದ ಮೇಲೆ ಡಬ್ಬಿಗೆ ಹಾಕಿದ ಅರ್ಜಿಯ ಹಾಗೆ ಸುಮ್ನೆ ಬಿದ್ದಿರುತ್ತದೆ. ಅನಿಮೇಶನ್ ಹೆಸರಿನ ಮೊದಲಿಗೆ ಚುಕ್ಕೆ ಇಡದಿದ್ದರೆ, ಅಂದರೆ ಪುಟದ ಬಣ್ಣ-ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಕ್ಲಾಸ್ ಹೆಸರು ಬರೆಯುವ ಹಾಗೆ ಬರೆಯದಿದ್ದರೆ, ಎರರ್ ಎಸೆಯುವ ಫ್ರೇಮ್‌ವರ್ಕ್ ಇದು. ಅಂಥದ್ದು ಇಷ್ಟು ದೊಡ್ಡ ವಿಷಯಕ್ಕೆ ತುಟಿ ಬಿಚ್ಚುವುದಿಲ್ಲ. ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದರೆ ಎಷ್ಟೊಂದು ಜನರ ಮಧ್ಯಾಹ್ನ ಉಳಿಯುತ್ತಿತ್ತು!

ದಾರಿ ಇದೆ. ಆ್ಯಪ್ ಶುರುವಾಗುವಾಗ ಓಡುವ ಕಾನ್ಫಿಗ್ ಬ್ಲಾಕ್‌ನಲ್ಲಿ, ಅನಿಮೇಶನ್‌ಗಳನ್ನು ನೋಂದಾಯಿಸಿಕೊಳ್ಳುವ ಡಾಲರ್ ಅನಿಮೇಟ್ ಪ್ರೊವೈಡರ್ ಸಿಗುತ್ತದೆ. ಆಗಲೇ ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ, ಮುಂದೆ ಪುಟ ನಡೆಸುವ ಕೋಡ್‌ನಲ್ಲಿ, ಅಂದರೆ ಕಂಟ್ರೋಲರ್‌ನಲ್ಲಿ, ಕೇಳಿದರೆ ಕೊಡುವುದಿಲ್ಲ. ತಡವಾಗಿ ಬರುವ ಫೈಲ್‌ನಲ್ಲಿ ಅದರ ರಿಜಿಸ್ಟರ್ ಕರೆಯಿರಿ. ನೋಡಿ, ಮಿನುಗಿತು! ಅನಿಮೇಶನ್‌ಗಾಗಿಯೇ ಇರುವ ಎನ್‌ಜಿ ಅನಿಮೇಟ್ ಮಾಡ್ಯೂಲ್ ಸೇರಿಸಿರಬೇಕು, ಅದು ನಿಮಗೆ ಗೊತ್ತಿರುವುದೇ. ಸಾಲಿಗೆ ಕ್ಲಾಸ್ ಸೇರುವಾಗ ಓಡುವ ಆಡ್‌ಕ್ಲಾಸ್ ಫಂಕ್ಷನ್‌ನಲ್ಲಿ ಕೆಲಸ ಮುಗಿದಾಗ, ಅದಕ್ಕೆ ಸಿಗುವ ಡನ್ ಎಂಬ ಫಂಕ್ಷನ್ ಕರೆಯಲೇಬೇಕು, ಇಲ್ಲದಿದ್ದರೆ ಅನಿಮೇಶನ್ ಮುಗಿಯಿತು ಅಂತ ಫ್ರೇಮ್‌ವರ್ಕ್‌ಗೆ ಗೊತ್ತಾಗುವುದೇ ಇಲ್ಲ.

ಆಂಗ್ಯುಲರ್‌ಜೆಎಸ್‌ಗೆ ಗೂಗಲ್ ಬೆಂಬಲ 2021ರ ಕೊನೆಗೇ ನಿಂತಿದೆ. ಇದನ್ನು ಎಸೆದು ಹೊಸದು ಬರೆಯೋಣ ಅಂತ ಬೆಳಿಗ್ಗೆ ಸಾಹುಕಾರರಿಗೆ ಜೋರಾಗಿಯೇ ಹೇಳಿದ್ದೆ. ಈಗ ಬೇಡ ಅನ್ನಿಸುತ್ತಿದೆ. ರೈತರು ಈ ಪುಟ ನೋಡಿಯೇ ಚೀಲ ತುಂಬಿಕೊಂಡು ಹೊರಡುತ್ತಾರೆ, ಅವರಿಗೆ ಬೇಕಾಗಿರುವುದು ಸರಿಯಾದ ದರ, ಹೊಸ ಫ್ರೇಮ್‌ವರ್ಕ್ ಅಲ್ಲ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಭೌಗೋಳಿಕ ಗುರುತು, ಕೂಡ ಬಂತು, ಅದರ ಬಗ್ಗೆ ನನಗೆ ತುಂಬಾ ಹೆಮ್ಮೆ, ಆ ರುಚಿ ಬೇರೆ ಕಡೆಯ ಬೇಳೆಗೆ... ಅರೆ, ಕ್ಯಾಮೆರಾ ಬ್ಯಾಟರಿ ಕೆಂಪಾಯಿತು. ಮಿನುಗಿದ ಬಣ್ಣ ಮಾಸಲು, ಕ್ಲಾಸ್ ತೆಗೆಯುವಾಗ ಓಡುವ ರಿಮೂವ್‌ಕ್ಲಾಸ್ ಬೇಕು, ಬೇಗ ಬರೆದುಬಿಡುತ್ತೇನೆ, ನೋಡಿಕೊಳ್ಳಿ.