ಮಳೆ ಬರುವಾಗ ಹೋಗಿ ಮನೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಹಾಸನ ಆಕಾಶವಾಣಿಯವರು ಕರೆದು, "ಮೇಷ್ಟ್ರೇ, ಹಳೆ ಮನೆಗಳನ್ನು ಯಾವ ಕಾಲದಲ್ಲಿ ನೋಡಬೇಕು ಅಂತ ನಮ್ಮ ಕೇಳುಗರಿಗೆ ಎಂಟು ನಿಮಿಷ ಹೇಳಿ" ಅಂದರು. ಎಂಟು ನಿಮಿಷ ಯಾಕೆ? ಒಂದೇ ಮಾತು ಸಾಕು. ಮಳೆಗಾಲದಲ್ಲಿ ಹೋಗಿ. ಆದರೂ ಕೊಟ್ಟ ಸಮಯ ಬಿಡೋದು ಬೇಡ ಅಂತ ಬಂದು ಕೂತಿದ್ದೇನೆ.

ನಾನು ಹೇಳಹೊರಟಿರುವುದು ಕುಪ್ಪಳಿಯ ಕವಿಮನೆ ಬಗ್ಗೆ. ಕುವೆಂಪು ಅವರು ಬೆಳೆದ ಮನೆ. ಈಗ ಅದು ಮ್ಯೂಸಿಯಂ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನದವರು ನೋಡಿಕೊಳ್ಳುತ್ತಾರೆ. "ಅದು ಶಿವಮೊಗ್ಗ ಜಿಲ್ಲೆ, ನಮ್ಮದಲ್ಲ" ಅಂತ ಚಿಕ್ಕಮಗಳೂರಿನವರು ರೇಡಿಯೋ ಆರಿಸಬೇಡಿ. ಕುವೆಂಪು ಹುಟ್ಟಿದ್ದು ನಿಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲೇ. 1904ನೇ ಇಸವಿ, ಡಿಸೆಂಬರ್ 29. ಅದು ಅವರ ತಾಯಿಯ ತವರು. ಅಲ್ಲಿಗೆ ನಿಮಗೂ ಪಾಲಿದೆ.

ಈಗ ನಾವು ಹೇಗೆ ಹೋಗುತ್ತೇವೆ ಹೇಳಿ? ಡಿಸೆಂಬರ್‌ನಲ್ಲಿ ಶಾಲೆಯ ಪ್ರವಾಸ. ಬೆಳಗಿನ ಜಾವ ಅರಸೀಕೆರೆ ಬಿಟ್ಟ ಬಸ್ಸು. ಹೊರನಾಡಿನಲ್ಲಿ ಊಟ, ಶೃಂಗೇರಿಯಲ್ಲಿ ಹೊಳೆಯ ಮೀನು ನೋಡುವುದು, ಸಂಜೆಗೆ ಆಗುಂಬೆಯ ಸೂರ್ಯಾಸ್ತ. ನಡುವೆ ಕುಪ್ಪಳಿಗೆ ಇಪ್ಪತ್ತು ನಿಮಿಷ. ಮಕ್ಕಳು ಮೂರು ಅಂತಸ್ತು ದಡದಡ ಹತ್ತಿ, ದಡದಡ ಇಳಿದು, ಚಪ್ಪಲಿ ಹುಡುಕಿಕೊಂಡು ಬಸ್ಸು ಹತ್ತುತ್ತಾರೆ. ಏನು ನೋಡಿದಿರಿ ಅಂದರೆ "ದೊಡ್ಡ ಮನೆ ಸಾರ್". ನಾನೂ ಹಾಗೆ ಎಷ್ಟೋ ವರ್ಷ ಕರೆದುಕೊಂಡು ಹೋದವನೇ. ತಪ್ಪು ನಂದೂ ಇದೆ.

ಆ ಮನೆ ಯಾಕೆ ಹಾಗಿದೆ ಅಂತ ಬಿಸಿಲಲ್ಲಿ ಗೊತ್ತೇ ಆಗುವುದಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಬಿದ್ದ ನೀರು ಹರಿಯದೆ ನಿಂತರೆ ನಾಲ್ಕು ಆಳು ಎತ್ತರ ಆಗುತ್ತದೆ. ಅಂಥ ಸೀಮೆಯ ಮನೆ ಅದು. ಹೆಂಚಿನ ಮಾಡು ಅಷ್ಟು ಕಡಿದಾಗಿರುವುದು, ಸೂರು ಅಷ್ಟು ಕೆಳಕ್ಕೆ ಇಳಿದಿರುವುದು, ಜಗಲಿ ಅಷ್ಟು ಎತ್ತರ ಇರುವುದು, ಎಲ್ಲಾ ಮಳೆಗೆ. ಚಂದಕ್ಕೆ ಅಲ್ಲ. ಹಾಗಾಗಿ ಮಳೆ ಇಲ್ಲದಾಗ ಹೋದರೆ ಅರ್ಧ ಮನೆ ನೋಡಿದ ಹಾಗೆ.

ಇದು ನನಗೆ ಗೊತ್ತಾಗಿದ್ದು ಒಬ್ಬರು ಅಜ್ಜಿಯಿಂದ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿವೃತ್ತಿ ಆದಮೇಲಿನ ಮಾತು. ಜುಲೈ ತಿಂಗಳು. ಹಾಸನದಿಂದ ಒಂದು ಮಿನಿ ಬಸ್ಸು ಮಾಡಿಕೊಂಡು ಹೊರಟೆವು. ಬಾಳೆಹೊನ್ನೂರು ದಾಟಿದ ಮೇಲೆ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಅದನ್ನು ಕಡಿದು ಸರಿಸುವವರೆಗೆ ಎರಡು ಗಂಟೆ ಬಸ್ಸಿನಲ್ಲೇ. ಕುಪ್ಪಳಿ ಮುಟ್ಟಿದಾಗ ಕರೆಂಟಿಲ್ಲ. ಒಳಗೆ ಕಾಲಿಟ್ಟರೆ ಕತ್ತಲೆ. ನನ್ನ ಜೇಬಿನಲ್ಲಿ ನಾಲ್ಕು ಹಾಳೆ ಟಿಪ್ಪಣಿ. ಓದೋಣ ಅಂದರೆ ಅಕ್ಷರ ಕಾಣಲಿಲ್ಲ. ಜನ ಗೊಣಗಲು ಶುರುಮಾಡಿದರು. "ಏನು ಮೇಷ್ಟ್ರೇ, ಇಂಥ ದಿನ ಕರ್ಕೊಂಡು ಬಂದಿದ್ದೀರಿ."

ಆಗ ಆ ಅಜ್ಜಿ. ಮೂಡಿಗೆರೆ ಕಡೆಯವರು, ಹಾಸನದಲ್ಲಿ ಮಗನ ಮನೆಯಲ್ಲಿ ಇದ್ದವರು. ಸೊಸೆ ಬಲವಂತ ಮಾಡಿ ಕರೆತಂದಿದ್ದರು. ದಾರಿಯುದ್ದಕ್ಕೂ ಒಂದು ಮಾತಾಡಿರಲಿಲ್ಲ. ಒಳಗೆ ಬಂದವರೇ ಒಳಅಂಗಳದ ಅಂಚಿನಲ್ಲಿ ಕಂಬಕ್ಕೆ ಒರಗಿ ಕೂತುಬಿಟ್ಟರು. ನಾಲ್ಕೂ ಕಡೆ ಸೂರಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. "ಬನ್ರೋ ಇಲ್ಲಿ" ಅಂತ ಮಕ್ಕಳನ್ನು ಕರೆದರು. "ಕರೆಂಟ್ ಬೇಕಾ ನಿಮಗೆ? ಇದೇ ಕಣ್ರೋ ಕರೆಂಟು" ಅಂತ ಅಂಗಳ ತೋರಿಸಿದರು. ನಿಜ ನೋಡಿ. ಇಡೀ ಮನೆಗೆ ಬೆಳಕು ಬರುತ್ತಿದ್ದದ್ದು ಅಲ್ಲಿಂದ.

ಆಮೇಲೆ ಅವರು ನಿಲ್ಲಿಸಲೇ ಇಲ್ಲ. ತಮ್ಮ ತವರುಮನೆಯಲ್ಲಿ ಇಂಥ ಮಳೆ ಹಿಡಿದರೆ ಯಾರು ಎಲ್ಲಿ ಇರುತ್ತಿದ್ದರು ಅಂತ ಒಂದೊಂದೇ ಮೂಲೆ ತೋರಿಸಿ ಹೇಳಿದರು. ಅಜ್ಜಯ್ಯ ಇಲ್ಲಿ, ಎಲೆಅಡಿಕೆ ತಟ್ಟೆ ಮುಂದೆ. ಗದ್ದೆಯಿಂದ ಬಂದವರು ಮಳೆಗೆ ಹೊದ್ದ ಕಂಬಳಿಕೊಪ್ಪೆ, ಗೊರಬು ಬಿಚ್ಚಿಡುವುದು ಆ ಜಗಲಿಯಲ್ಲಿ. ಬಟ್ಟೆ ಒಣಗುವುದು ಬಚ್ಚಲ ಒಲೆ ಮೇಲೆ, ಹಾಗಾಗಿ ಮದುವೆಗೆ ಹೋದರೂ ಮೈಯೆಲ್ಲಾ ಹೊಗೆ ವಾಸನೆ. ಮಕ್ಕಳಿಗೆ ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. "ಹೊಗೆ ಅಟ್ಟಕ್ಕೆ ಹತ್ತಬೇಕು ಮಗಾ. ಹೊಗೆ ತಿಂದ ಮರಕ್ಕೆ ಹುಳ ಹಿಡಿಯಲ್ಲ" ಅಂದರು. ಇದನ್ನು ನಾನು ತರಗತಿಯಲ್ಲಿ ಒಂದು ದಿನವೂ ಹೇಳಿರಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಕಿರುಚಿದ. ಹಿಮ್ಮಡಿಯಲ್ಲಿ ಇಂಬಳ, ಅಂದರೆ ಜಿಗಣೆ. ರಕ್ತ ಕುಡಿದು ದ್ರಾಕ್ಷಿ ಹಣ್ಣಿನಷ್ಟು ಆಗಿತ್ತು. ಅವನ ತಾಯಿ ಹೌಹಾರಿ ಕಿತ್ತು ತೆಗೆಯಲು ಹೋದರು. ಅಜ್ಜಿ ಅವರ ಕೈ ಹಿಡಿದು ತಡೆದು, ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂದು ಚೂರು ಮುಟ್ಟಿಸಿದರು. ಇಂಬಳ ಮುದುಡಿ ಪಟ್ ಅಂತ ಬಿತ್ತು. ಅವತ್ತು ಆ ಹುಡುಗ ಸಂಜೆವರೆಗೂ ಅಜ್ಜಿಯ ಸೆರಗು ಬಿಡಲಿಲ್ಲ. ನನ್ನ ನಾಲ್ಕು ಹಾಳೆ ಟಿಪ್ಪಣಿ ಜೇಬಲ್ಲೇ ಒದ್ದೆಯಾಗಿ ಮುದ್ದೆಯಾಯಿತು.

ಅದಕ್ಕೇ ಹೇಳುತ್ತಿರುವುದು. ಮಳೆಗಾಲದಲ್ಲಿ ಹೋಗಿ. ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಗುತ್ತಾ ಬಂತಂತೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ವಿಶ್ವಮಾನವ ದಿನ. ಅವತ್ತು ಕುಪ್ಪಳಿಯಲ್ಲಿ ಕಾರ್ಯಕ್ರಮ ಇರುತ್ತದೆ. ಭಾಷಣ ಕೇಳಬೇಕು ಅಂದರೆ ಅವತ್ತು ಹೋಗಿ, ಮನೆ ನೋಡಬೇಕು ಅಂದರೆ ಬೇಡ, ತುಂಬಾ ಜನ. ಮಂತ್ರ ಮಾಂಗಲ್ಯ ಅಂತ ಸರಳ ಮದುವೆ ಕೇಳಿದ್ದೀರಲ್ಲ, 1966ರಲ್ಲಿ ಮಗ ತೇಜಸ್ವಿಯವರ ಮದುವೆ ಹಾಗೆ ಆಗಿದ್ದು ಕುಪ್ಪಳಿಯಲ್ಲೇ. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ, ಚಿಕ್ಕಮಗಳೂರಿನವರೇ, ನಿಮ್ಮ ಕೊಟ್ಟಿಗೆಹಾರದಲ್ಲಿದೆ. ಹಕ್ಕಿ, ಕಾಡು, ಫೋಟೋ ಅಂತ ಆಸಕ್ತಿ ಇರುವ ಹುಡುಗರು ಅಲ್ಲಿಗೂ ಹೋಗಿಬನ್ನಿ. ಕವಿಮನೆ ಹತ್ತಿರದ ಗುಡ್ಡ ಕವಿಶೈಲಕ್ಕೆ ಮಳೆಯಲ್ಲಿ ಹತ್ತುವಾಗ ಕಲ್ಲು ಜಾರುತ್ತದೆ, ನಿಧಾನ. ಕುವೆಂಪು ಅವರ ಸಮಾಧಿ ಅಲ್ಲೇ ಇದೆ, ಅಲ್ಲಿ ನಿಂತು ಸೆಲ್ಫಿಗೆ ಹಲ್ಲು ಕಿರಿಯಬೇಡಿ ದಯವಿಟ್ಟು. ಮನೆಯೊಳಗಿನ ಸಾಮಾನು ಮುಟ್ಟಬೇಡಿ. ಇಪ್ಪತ್ತು ನಿಮಿಷದಲ್ಲಿ ಹೊರಡಬೇಡಿ, ಅಂಗಳದ ಪಕ್ಕ ಸುಮ್ನೆ ಅರ್ಧ ಗಂಟೆ ಕೂರಿ.

ಶಾಲೆಯ ಮೇಷ್ಟ್ರುಗಳೇ, ಮೇಡಂಗಳೇ, ನಿಮಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಮಕ್ಕಳು ನೆನೆಯುತ್ತಾರೆ, ನೆಗಡಿ ಆಗುತ್ತದೆ ಅಂತ ನೀವು ಹೇಳುತ್ತೀರಿ, ನನಗೆ ಗೊತ್ತು. ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್ ಇಟ್ಟುಕೊಳ್ಳಲು ಹೇಳಿ. ಸುಣ್ಣದ ಡಬ್ಬಿ ಮಾತ್ರ ನಿಮ್ಮ ಹತ್ತಿರವೇ ಇರಲಿ. ನಮಸ್ಕಾರ.