ಎರಡು ತಿಂಗಳ ಬಸುರಿಗೆ ಎಣ್ಣೆ ಹಚ್ಚಬಹುದೇ?

ಕೇಳುಗರಿಗೆಲ್ಲ ನಮಸ್ಕಾರ.

ದೀಪಾವಳಿ ಹತ್ತಿರ ಬಂತೆಂದರೆ ನನ್ನ ಮುಂದೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಡಾಕ್ಟ್ರೇ, ಸೊಸೆಗೆ ಈಗ ಎರಡು ತಿಂಗಳು. ನರಕ ಚತುರ್ದಶಿ ದಿನ ಎಣ್ಣೆ ಹಚ್ಚಿ ನೀರು ಹಾಕಬಹುದಾ?" ಕೇಳುವವರು ಅತ್ತೆ. ಸೊಸೆ ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದು ಕೂತಿರುತ್ತಾಳೆ. ಎಣ್ಣೆ ಅನ್ನುವ ಮಾತು ಕೇಳಿದರೇ ಅವಳಿಗೆ ವಾಕರಿಕೆ.

ಇದೇ ಪ್ರಶ್ನೆ ಈಗ ಇನ್ನೊಂದು ವೇಷದಲ್ಲೂ ಬರುತ್ತಿದೆ. ಬೆಂಗಳೂರಿನಿಂದ ತವರಿಗೆ ಬಂದಿದ್ದ ಹುಡುಗಿಯೊಬ್ಬಳು ಹೋದ ತಿಂಗಳು ನನ್ನ ಹತ್ತಿರ ಬಂದಿದ್ದಳು. ಮದುವೆಯಾಗಿ ವರ್ಷ ತುಂಬಿತು ಅಂತ ಗಂಡ ಸ್ಪಾದಲ್ಲಿ ಮಸಾಜ್ ಬುಕ್ ಮಾಡಿದ್ದ. ಒಂದು ಗಂಟೆ ಚೆನ್ನಾಗಿ ಮೈ ಒತ್ತಿಸಿಕೊಂಡು ಬಂದಳು. ಹತ್ತು ದಿನ ಬಿಟ್ಟು, ಮುಟ್ಟು ಆಗಿಲ್ಲವಲ್ಲ ಅಂತ ನೆನಪಾಗಿ ಪರೀಕ್ಷೆ ಮಾಡಿಕೊಂಡರೆ ಎರಡು ಗೆರೆ! ಖುಷಿ ಒಂದು ಸಂಜೆಯೂ ಉಳಿಯಲಿಲ್ಲ. ಸ್ಪಾಗೆ ಫೋನ್ ಮಾಡಿದರೆ, "ಮೊದಲ ಮೂರು ತಿಂಗಳು ನಾವು ಮಾಡೋದೇ ಇಲ್ಲ ಮೇಡಂ" ಅಂದರಂತೆ. ಅಲ್ಲಿಂದ ಅವಳಿಗೆ ನಿದ್ದೆ ಇಲ್ಲ. "ನಾನೇ ನನ್ನ ಮಗುವಿಗೆ ಏನಾದರೂ ಮಾಡಿಬಿಟ್ಟೆನಾ?" ಅಂತ ಕಣ್ಣೀರು ಹಾಕಿದಳು.

ಸ್ಕ್ಯಾನ್ ಮಾಡಿದೆ. ಪುಟ್ಟ ಎದೆ ಟಕಟಕ ಅಂತ ಬಡಿದುಕೊಳ್ಳುತ್ತಿತ್ತು. ಪರದೆ ಅವಳ ಕಡೆ ತಿರುಗಿಸಿದೆ.

ಮೊದಲ ಮೂರು ತಿಂಗಳು ಗರ್ಭಕೋಶ ಎಲ್ಲಿರುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಅದು ಇನ್ನೂ ಹೊಟ್ಟೆಗೆ ಬಂದಿರುವುದಿಲ್ಲ. ಸೊಂಟದ ಎಲುಬು ಒಂದು ಬಟ್ಟಲಿನ ಹಾಗಿದೆ ನೋಡಿ, ಅದರ ಒಳಗೆ ಕೂತಿರುತ್ತದೆ. 12 ವಾರ ಕಳೆದ ಮೇಲೆ ಮೆಲ್ಲಗೆ ಮೇಲಕ್ಕೆ ಬರುತ್ತದೆ. ಎಂಟನೇ ವಾರದಲ್ಲಿ ಮಗು ಹೆಚ್ಚುಕಡಿಮೆ ಒಂದು ದಪ್ಪ ಅವರೆಕಾಳಿನಷ್ಟು. ಅದರ ಸುತ್ತ ನೀರು, ನೀರಿನ ಸುತ್ತ ಗರ್ಭಕೋಶದ ದಪ್ಪ ಗೋಡೆ, ಅದರಾಚೆ ಎಲುಬು. ಹೆಗಲು, ಕತ್ತು, ಬೆನ್ನು, ಪಾದಕ್ಕೆ ಹದವಾಗಿ ಎಣ್ಣೆ ತಿಕ್ಕಿದರೆ ಆ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಬೋರಲು ಮಲಗಿದರೂ ಈ ತಿಂಗಳುಗಳಲ್ಲಿ ಮಗುವಿಗೆ ಏನೂ ಆಗದು. ಎದೆ ನೋಯುತ್ತದೆ ಅಂತ ನೀವೇ ಎದ್ದುಬಿಡುತ್ತೀರಿ.

ಹಾಗಾದರೆ ಸ್ಪಾದವರು ಯಾಕೆ ಬೇಡ ಅಂತಾರೆ? ಇದರಲ್ಲಿ ವೈದ್ಯಕ್ಕಿಂತ ಭಯವೇ ಜಾಸ್ತಿ. ಗರ್ಭಿಣಿ ಅಂತ ಗೊತ್ತಾದ 100 ಹೆಂಗಸರಲ್ಲಿ 10ರಿಂದ 20 ಜನಕ್ಕೆ ಗರ್ಭ ನಿಲ್ಲುವುದಿಲ್ಲ. ಹಾಗೆ ಹೋಗುವುದರಲ್ಲಿ ಹೆಚ್ಚಿನವು ಹೋಗುವುದು ಮೊದಲ ಮೂರು ತಿಂಗಳಲ್ಲೇ. ಸೋಮವಾರ ಮಸಾಜ್ ಆಗಿ ಗುರುವಾರ ರಕ್ತ ಕಂಡರೆ, ಬೆರಳು ಯಾರ ಕಡೆ ತೋರುತ್ತದೆ? ಅವರು ಹುಷಾರಾಗಿರುವುದು ಅದಕ್ಕೇ. ಮೆತ್ತಗೆ ಮೈ ತಿಕ್ಕಿದ್ದರಿಂದ ಗರ್ಭ ಇಳಿಯಿತು ಅನ್ನುವುದಕ್ಕೆ ಆಧಾರ ಇಲ್ಲ. ಹಾಗೆ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ, ಅಪ್ಪ ಅಮ್ಮನ ಗುಣ ಹೊತ್ತು ತರುವ ಕ್ರೋಮೋಸೋಮುಗಳ ಎಣಿಕೆ ತಪ್ಪಿರುವುದು. ಅಂದರೆ ಬೀಜ ಕೂಡಿದ ದಿನವೇ ಲೆಕ್ಕ ತಪ್ಪಿರುತ್ತದೆ. ಆಮೇಲೆ ತಾಯಿ ಏನು ತಿಂದಳು, ಎಲ್ಲಿ ಕೂತಳು, ಯಾರ ಕೈಲಿ ಕಾಲು ಒತ್ತಿಸಿಕೊಂಡಳು, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಗರ್ಭ ಹೋದ ಹುಡುಗಿ ವಾರ್ಡಿನಲ್ಲಿ ಮಲಗಿರುತ್ತಾಳೆ. ಬಾಗಿಲ ಹತ್ತಿರ ನಿಂತವರು, ಅವಳಿಗೆ ಕೇಳಿಸಲಿ ಅಂತಲೇ ಮಾತಾಡುತ್ತಾರೆ. "ಬೇಡ ಅಂದ್ರೂ ಮೈ ಒತ್ತಿಸಿಕೊಂಡಳು." ಎಷ್ಟು ಸಲ ಕೇಳಿದ್ದೇನೋ. ಒಂದೆರಡು ಸಲ ಜಗಳವನ್ನೂ ಆಡಿದ್ದೇನೆ.

ಆದರೆ ಹೊಟ್ಟೆ ತೀಡುವ ವಿಷಯ ಬೇರೆ. ಅಲ್ಲಿ ನಾನು ರಾಜಿ ಆಗುವವಳಲ್ಲ.

ನಮ್ಮ ಹಳ್ಳಿಗಳಲ್ಲಿ ಹೊಟ್ಟೆನೋವು, ವಾಂತಿ ಬಂದರೆ "ಬಟ್ಟಿ ಬಿದ್ದಿದೆ" ಅನ್ನುತ್ತಾರೆ. ಬಟ್ಟಿ ತೀಡುವ ಅಜ್ಜಿಯೊಬ್ಬರು ಪ್ರತಿ ಊರಲ್ಲೂ ಸಿಗುತ್ತಾರೆ. ಹೊಕ್ಕುಳ ಸುತ್ತ ಎಣ್ಣೆ ಹಾಕಿ, ಹೆಬ್ಬೆರಳಲ್ಲಿ ಅದುಮಿ ಅದುಮಿ ಎಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಂಗಸನ್ನು ಕರೆತಂದರು. ಮುಟ್ಟು ಹದಿನೈದು ದಿನ ಮುಂದಕ್ಕೆ ಹೋಗಿತ್ತು. ಬಲಗಡೆ ಕಿಬ್ಬೊಟ್ಟೆ ನೋವು, ಸ್ವಲ್ಪ ಕಂದು ಬಣ್ಣದ ರಕ್ತ. ಎರಡು ದಿನ ಬಟ್ಟಿ ತೀಡಿಸಿದ್ದರು. ಮೂರನೇ ದಿನ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ನಮ್ಮಲ್ಲಿಗೆ ಬಂದಾಗ ಮುಖ ಬಿಳಿಚಿತ್ತು, ನಾಡಿ ಸಿಗುತ್ತಿರಲಿಲ್ಲ. ಹೆಗಲ ತುದಿ ನೋಯುತ್ತಿದೆ ಅಂತ ಗೊಣಗುತ್ತಿದ್ದಳು. ಗರ್ಭ ಕೋಶದಲ್ಲಿ ನಿಂತಿರಲಿಲ್ಲ, ಅಂಡಾಶಯದಿಂದ ಗರ್ಭಕೋಶಕ್ಕೆ ಹೋಗುವ ನಾಳದಲ್ಲಿ ನಿಂತು ನಾಳವೇ ಒಡೆದುಹೋಗಿತ್ತು. ರಕ್ತ ಹೊಟ್ಟೆಯೊಳಗೆ ತುಂಬಿ ಮೇಲಿನವರೆಗೂ ಕೆರಳಿಸಿದರೆ ಹೆಗಲು ನೋಯುತ್ತದೆ.

ತೀಡಿದ್ದರಿಂದಲೇ ಒಡೆಯಿತು ಅಂತ ನಾನು ಹೇಳಲಾರೆ. ತೀಡದಿದ್ದರೂ ಒಡೆಯುತ್ತಿತ್ತೋ ಏನೋ. ಆದರೆ ಎರಡು ದಿನ ಹೋಯಿತಲ್ಲ! 100 ಗರ್ಭಗಳಲ್ಲಿ ಒಂದೆರಡು ಹೀಗೆ ನಾಳದಲ್ಲಿ ನಿಲ್ಲುತ್ತವೆ. ಬೇಗ ಬಂದರೆ ಕೆಲವರಿಗೆ ಇಂಜೆಕ್ಷನ್‌ನಲ್ಲೇ ವಾಸಿಯಾಗುತ್ತದೆ, ಆಪರೇಷನ್ನೂ ಬೇಡ. ಆ ಹೆಂಗಸು ಉಳಿದಳು, ನಾಳ ತೆಗೆಯಬೇಕಾಯಿತು. ಹಾಗಾಗಿ ಮುಟ್ಟು ಮುಂದೆ ಹೋಗಿ ಹೊಟ್ಟೆ ನೋಯುತ್ತಿದ್ದರೆ, ರಕ್ತ ಕಂಡರೆ, ತಲೆ ಸುತ್ತಿದರೆ ಎಣ್ಣೆ ಬಟ್ಟಲು ಪಕ್ಕಕ್ಕಿಡಿ. 108ಕ್ಕೆ ಫೋನ್ ಮಾಡಿ.

ಕಾಲಿನ ಒಂದು ಮಾತು. ಬಸುರಿಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಜಾಸ್ತಿ. ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಸಂಭವ ಬೇರೆಯವರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ಯಾರೂ ಹಿಸುಕಬಾರದು. ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಎಣ್ಣೆ ಯಾವುದು ಅಂತ ಕೇಳುತ್ತೀರಿ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಯಾವುದಾದರೂ ಸರಿ. ಹರಳೆಣ್ಣೆ ನೆತ್ತಿಗೆ ಇಡಿ, ಕುಡಿಸಬೇಡಿ. ಅದು ಹೊಟ್ಟೆಯನ್ನೂ ಜಾಡಿಸುತ್ತದೆ, ಗರ್ಭಕೋಶವನ್ನೂ ಕೆರಳಿಸಬಹುದು. ಘಾಟು ವಾಸನೆಯ ಸುಗಂಧ ತೈಲ, ನೋವಿನ ಮುಲಾಮು ಇವನ್ನು ನಿಮ್ಮ ಡಾಕ್ಟರನ್ನು ಕೇಳದೆ ಮೈತುಂಬ ಬಳಿಯಬೇಡಿ.

ಅಂದಹಾಗೆ, ನಮ್ಮ ಹಿಂದಿನವರು ಇದನ್ನೆಲ್ಲ ಯೋಚಿಸಿಯೇ ಇರಲಿಲ್ಲ ಅಂತಲ್ಲ. ಬಸುರಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ನೋಡಿಕೊಳ್ಳುವ ಹಾಗೆ, ತುಳುಕದಂತೆ ನೋಡಿಕೊಳ್ಳಬೇಕು ಅಂತ ಚರಕ ಸಂಹಿತೆಯಲ್ಲಿದೆ. ಅದೇ ಗ್ರಂಥದಲ್ಲಿ ಎಣ್ಣೆಯ ಚಿಕಿತ್ಸೆ ಬರುವುದು ಕೊನೆಯ ತಿಂಗಳುಗಳ ಮಾತಿನಲ್ಲಿ, ಎರಡನೇ ತಿಂಗಳಲ್ಲಲ್ಲ.

ಇನ್ನು ಬಿಸಿ. ನನಗೆ ಎಣ್ಣೆಗಿಂತ ಹಂಡೆಯ ನೀರೇ ಹೆಚ್ಚು ಚಿಂತೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ಕೊಳವೆ ಮುಚ್ಚಿಕೊಳ್ಳುವುದು ಕೊನೆಯ ಮುಟ್ಟಿನಿಂದ ಎಣಿಸಿದರೆ ಆರನೇ ವಾರದ ಹೊತ್ತಿಗೆ. ಆಗ ತಾಯಿಯ ಮೈ ಬಿಸಿ 39 ಡಿಗ್ರಿ ಸೆಲ್ಸಿಯಸ್ ಮುಟ್ಟಬಾರದು. ಸ್ಪಾದ ಹಬೆ ಕೋಣೆ, ಬಿಸಿನೀರ ತೊಟ್ಟಿ ಖಂಡಿತ ಬೇಡ. ಚೊಂಬಿನಲ್ಲಿ ಹುಯ್ದುಕೊಂಡರೆ ಮೈ ಅಷ್ಟೊಂದು ಕಾಯುವುದಿಲ್ಲ, ನಿಜ. ಆದರೆ ಬಸುರಿಯ ರಕ್ತದೊತ್ತಡ ಮೊದಲೇ ಕಡಿಮೆ, ಸುಡುನೀರು ಬಿದ್ದರೆ ಇನ್ನೂ ಇಳಿಯುತ್ತದೆ. ನನ್ನ ಕಥೆಯೇ ಹೇಳುತ್ತೇನೆ. ಎರಡು ತಿಂಗಳಿದ್ದಾಗ ಹಬ್ಬದ ದಿನ ಬೆಳಗಿನ ಜಾವ ಮೈಗೆಲ್ಲ ಎಣ್ಣೆ ಮೆತ್ತಿಕೊಂಡು, ಹೊಗೆ ತುಂಬಿದ ಬಚ್ಚಲಲ್ಲಿ ನಿಂತೇ ನೀರು ಹುಯ್ದುಕೊಂಡೆ. ತಲೆ ತಿರುಗಿತು. ಕಾಲ ಕೆಳಗೆ ಎಣ್ಣೆ. ದೊಪ್ಪನೆ ಬಿದ್ದೆ. ಮಗುವಿಗೆ ಏನೂ ಆಗಲಿಲ್ಲ, ನನ್ನ ಮಣಿಕಟ್ಟು ಮುರಿಯಿತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ, ಅದನ್ನು ತೆಗೆಯುವುದಕ್ಕೇ ಎಷ್ಟು ಒದ್ದಾಡಿದೆ ಅಂತೀರಿ.

ಆದ್ದರಿಂದ ಅತ್ತೆಯರಿಗೆ ನನ್ನ ಉತ್ತರ ಇಷ್ಟು. ಹಚ್ಚಿ ಅಮ್ಮಾ, ನೆತ್ತಿಗೆ, ಬೆನ್ನಿಗೆ, ಕೈಕಾಲಿಗೆ. ಹೊಟ್ಟೆ ಮೇಲೆ ಸುಮ್ನೆ ಸವರಿ ಬಿಡಿ, ಒತ್ತಬೇಡಿ. ನೀರು ಬೆಚ್ಚಗಿದ್ದರೆ ಸಾಕು. ಮಣೆ ಹಾಕಿ ಕೂರಿಸಿ, ಬಚ್ಚಲಲ್ಲಿ ಚೆಲ್ಲಿದ ಎಣ್ಣೆಯನ್ನು ಮೊದಲೇ ತೊಳೆಯಿರಿ. ಚಿಲಕ ಹಾಕುವುದು ಬೇಡ. ಸೀಗೆಪುಡಿ ವಾಸನೆಗೆ ಅವಳಿಗೆ ವಾಂತಿ ಬರುತ್ತದೆ ಅಂದರೆ, ಹಬ್ಬ ಅಂತ ಹಠ ಹಿಡಿಯಬೇಡಿ, ಶಾಂಪೂ ಕೊಡಿ.

ನಮಸ್ಕಾರ.