ರೋರೋ ಬೆಟ್ಟದ ದೂಳು ಹಾಜರಿ ಪುಸ್ತಕ ನೋಡೋದಿಲ್ಲ

ಒಂದು ಲೆಕ್ಕದಿಂದ ಶುರು ಮಾಡೋಣ. ಕಲ್ನಾರು, ಅಂದರೆ ಆಸ್ಬೆಸ್ಟಾಸ್. ನಮ್ಮ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಇದರ ದೂಳಿಗೆ ಬಹುಕಾಲ ಇದ್ದ ಮಿತಿ, ಒಂದು ಮಿಲಿಲೀಟರ್ ಗಾಳಿಗೆ 1 ಎಳೆ. ಇಷ್ಟೇನಾ ಅನ್ನಿಸುತ್ತೆ. ಮೈಮುರಿದು ದುಡಿಯೋ ಆಳು ಎಂಟು ಗಂಟೆಯ ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅದು 1 ಕೋಟಿ ಮಿಲಿಲೀಟರ್. ಮಿತಿ ಮೀರದೆಯೂ ದಿನಕ್ಕೆ ಒಂದು ಕೋಟಿ ಎಳೆ! ಅಮೆರಿಕದವರು 1994ರಲ್ಲಿ ಇದನ್ನ 0.1ಕ್ಕೆ ಇಳಿಸಿದರು. ಎಣಿಸೋದಾದರೂ 5 ಮೈಕ್ರಾನ್‌ಗಿಂತ ಉದ್ದದ ಎಳೆಗಳನ್ನ ಮಾತ್ರ. ಅದಕ್ಕಿಂತ ಗಿಡ್ಡವು ಲೆಕ್ಕದಲ್ಲೇ ಇಲ್ಲ.

ಆಯ್ತು, ಆ ಮಿತಿ ಯಾರಿಗೆ? ಕೆಲಸಗಾರನಿಗೆ. ನನ್ನ ತಕರಾರು ಇರೋದು ಅಲ್ಲೇ.

ಜಾರ್ಖಂಡ್‌ನ ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯಲ್ಲಿ, ಚಾಯ್‌ಬಾಸಾ ಹತ್ತಿರ, ರೋರೋ ಬೆಟ್ಟಗಳಿವೆ. ಸುತ್ತ ಹೋ ಆದಿವಾಸಿಗಳ ಹಳ್ಳಿಗಳು. ಅಲ್ಲಿನ ಕಲ್ನಾರು ಗಣಿ 1983ರಲ್ಲಿ ನಿಂತುಹೋಯಿತು. ಕಂಪನಿ ಹೋಯಿತು, ಲಕ್ಷಾಂತರ ಟನ್ ಗಣಿತ್ಯಾಜ್ಯ ಬೆಟ್ಟದ ಮೈಮೇಲೆ ಉಳಿಯಿತು. ಮಳೆಗಾಲದಲ್ಲಿ ಅದು ಕೊಚ್ಚಿಕೊಂಡು ಕೆಳಗಿನ ಹೊಲಗದ್ದೆಗೆ ಇಳಿಯುತ್ತೆ. ಗದ್ದೆಯಲ್ಲಿ ನೀರು ನಿಂತಿರೋ ತನಕ ಎಳೆ ಏಳಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ ಪುಡಿಯಾದಾಗ, ದನ ತುಳಿದಾಗ, ಗಾಳಿ ಬೀಸಿದಾಗ ಏಳುತ್ತೆ. ಕಲ್ನಾರು ಕೊಳೆಯೋ ವಸ್ತು ಅಲ್ಲ, ಕಲ್ಲು. ನಲವತ್ತು ವರ್ಷ ಬಿಟ್ಟರೂ ಹಾಗೇ ಇರುತ್ತೆ.

ಹಾಗಾದರೆ ಗಣಿ ಮುಚ್ಚುವಾಗ ಇದನ್ನೆಲ್ಲ ಸರಿಮಾಡಿ ಹೋಗಬೇಕು ಅಂತ ನಿಯಮ ಇರಲಿಲ್ವಾ? ಗಣಿ ಮುಚ್ಚುವ ಯೋಜನೆಯನ್ನ ಕಡ್ಡಾಯ ಮಾಡಿದ್ದು 2003ರಲ್ಲಿ. ಇಪ್ಪತ್ತು ವರ್ಷ ತಡ. 1995ರಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ಆದೇಶ ಕೊಟ್ಟಿತು, ಇಲ್ಲ ಅನ್ನಲ್ಲ: ಕಾರ್ಮಿಕರ ಆರೋಗ್ಯ ದಾಖಲೆಯನ್ನ ಕೆಲಸಕ್ಕೆ ಸೇರಿದಲ್ಲಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತೋ ಅಲ್ಲೀತನಕ ಇಡಬೇಕು. ಈಗ ಲೆಕ್ಕ ಹಾಕಿ. 1970ರಲ್ಲಿ ಸೇರಿ 1983ರಲ್ಲಿ ಬಿಟ್ಟವನ ಕಡತ ಈ ಅಳತೆಯಲ್ಲಿ 2010ಕ್ಕೆ ಮುಗೀತು. ಶ್ವಾಸಕೋಶದ ಹೊದಿಕೆಗೆ ಬರೋ ಕ್ಯಾನ್ಸರ್ ಮೀಸೋಥೀಲಿಯೋಮಾ ತಲೆ ಎತ್ತೋಕೆ 50 ವರ್ಷವೂ ಹಿಡಿಯಬಹುದು. ರೋಗ ಬರೋ ಹೊತ್ತಿಗೆ ಕಾಗದ ಇಲ್ಲ.

ಕೆಲಸಗಾರನ ಕಥೆಯೇ ಇದಾದರೆ, ಅವನ ಬಟ್ಟೆ ಕೊಡವಿ ಒಗೆದ ಹೆಂಡತಿ? ಗಣಿತ್ಯಾಜ್ಯದ ರಾಶಿ, ಅಂದರೆ ಡಂಪ್ ಮೇಲಿಂದ ಜಾರಿ ಆಡಿದ ಮಕ್ಕಳು? 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ದೂಳಿಂದ ಶ್ವಾಸಕೋಶ ಗಟ್ಟಿಯಾಗೋ ರೋಗ, ಇತ್ತು, ಆದರೆ ಅದು ನೌಕರನಿಗೆ. ಇವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಇನ್ನೊಂದು ತಮಾಷೆ ನೋಡಿ, ಕಲ್ನಾರು ಅಗೆಯೋದು ನಿಂತ ಮೇಲೂ ಆಮದು ನಿಲ್ಲಲಿಲ್ಲ, ಸಿಮೆಂಟ್ ಶೀಟಿಗೆ ಬೇಕಲ್ಲ.

ಸರಿ, ಬೆಟ್ಟಕ್ಕೆ ಏನು ಮಾಡಬೇಕು? ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಆಗಲ್ಲ. ಈ ತ್ಯಾಜ್ಯದಲ್ಲಿ ಮೆಗ್ನೀಸಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು, ಜೊತೆಗೆ ಕ್ರೋಮಿಯಂ, ನಿಕ್ಕಲ್. ಬೇರು ಹಿಡಿಯಲ್ಲ. ಮೊದಲು ಇಳಿಜಾರು ತಗ್ಗಿಸಬೇಕು, ಒಂದು ಮೀಟರ್ ಎತ್ತರಕ್ಕೆ ಕನಿಷ್ಠ ಎರಡು ಮೀಟರ್ ಹರವು. ಬುಡಕ್ಕೆ ತಂತಿಬಲೆಯಲ್ಲಿ ಕಲ್ಲು ತುಂಬಿದ ಗೋಡೆ. ನೆತ್ತಿಯ ಮೇಲೆ ಅಡ್ಡ ಕಾಲುವೆ, ಮಳೆನೀರು ಡಂಪ್ ಮೇಲೆ ಹರಿಯದ ಹಾಗೆ. ಆಮೇಲೆ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಿ, ಬೇರೆ ಕಡೆಯಿಂದ ತಂದ ಮಣ್ಣು ಅರ್ಧ ಮೀಟರ್ ದಪ್ಪ, ಅದರ ಮೇಲೆ ದಟ್ಟ ಬೇರಿನ ಹುಲ್ಲು. ದೊಡ್ಡ ಮರ ಬೇಡ, ಬಿರುಗಾಳಿಗೆ ಉರುಳಿದರೆ ಬುಡದ ಜೊತೆ ಹೊದಿಕೆಯೂ ಕಿತ್ತು ಬರುತ್ತೆ. ಕೆಲಸ ನಡೆಯುವಾಗೆಲ್ಲ ನೀರು ಹೊಡೆಯುತ್ತಲೇ ಇರಬೇಕು, ಒಣಗಿದ್ದನ್ನ ಗುಡಿಸೋ ಹಾಗಿಲ್ಲ. ಇಷ್ಟು ಮಾಡಿಯೂ ಕೆಡೋದು ಸಾಮಾನ್ಯವಾಗಿ ಕಾಲುವೆಯಲ್ಲೇ. ಹೂಳು ತೆಗೆಯದೆ ಬಿಟ್ಟರೆ ಒಂದು ಜೋರು ಮಳೆಗೆ ನೀರು ಉಕ್ಕಿ ಹೊದಿಕೆಯನ್ನ ಸೀಳುತ್ತೆ. ತೆಗೆದ ಹೂಳಲ್ಲೂ ಎಳೆ ಇರುತ್ತೆ ಅನ್ನೋದನ್ನ ಮರೆತು ಅದನ್ನ ದಾರಿ ಬದಿಗೆ ಸುರಿಯೋರೂ ಇದ್ದಾರೆ.

ಇಂಥ ಊರಿನ ವೈದ್ಯರಿಗೆ ಒಂದು ಮಾತು. ಕೆಮ್ಮು, ಏದುಸಿರು ಅಂದ ತಕ್ಷಣ ಕ್ಷಯದ ಮಾತ್ರೆ ಬರೆಯೋ ಮುಂಚೆ ಕಫದ ಪರೀಕ್ಷೆ ಮಾಡಿಸಿ. ಎಕ್ಸ್‌ರೇ ನೋಡಿ: ಕ್ಷಯ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗ ಹಿಡಿಯುತ್ತೆ, ಆಸ್ಬೆಸ್ಟೋಸಿಸ್ ಕೆಳಭಾಗದಿಂದ ಶುರುವಾಗುತ್ತೆ. ಬೆನ್ನಿನ ಕೆಳಗಡೆ ಸ್ಟೆತೊಸ್ಕೋಪ್ ಇಟ್ಟು ಉಸಿರು ಎಳೆಸಿದರೆ ವೆಲ್ಕ್ರೋ ಪಟ್ಟಿ ಬಿಚ್ಚಿದಂಥ ಸದ್ದು. ಕೇಳಿಸಿದರೆ, ಎಲ್ಲಿ ಕೆಲಸ ಮಾಡ್ತಿದ್ರಿ ಅಂತಷ್ಟೇ ಕೇಳಿ ಬಿಡಬೇಡಿ. ಚಿಕ್ಕವರಿದ್ದಾಗ ಎಲ್ಲಿ ಆಡ್ತಿದ್ರಿ, ಮನೆಯಲ್ಲಿ ಯಾರ ಬಟ್ಟೆ ಒಗೀತಿದ್ರಿ, ಅದನ್ನೂ ಕೇಳಿ, ಉತ್ತರವನ್ನ ಚೀಟಿಯಲ್ಲೇ ಬರೆದುಬಿಡಿ.